ಮೋಟುಮೂತಿ, ಉದ್ದಮೂತಿ

ಭಾನುವಾರದ ಪತ್ರಿಕೆಯ ಪುರವಣಿಯಲ್ಲಿ ಮಕ್ಕಳಿಗೆಂದು ಒಂದು ಮೂಲೆ ಇರುತ್ತದೆ. ಒಂದೇ ತರಹದ ಎರಡು ಚಿತ್ರಗಳನ್ನು ಅಕ್ಕಪಕ್ಕ ಅಚ್ಚು ಹಾಕಿ, ಏಳು ವ್ಯತ್ಯಾಸ ಕಂಡುಹಿಡಿಯಿರಿ ಎಂದು ಕೆಳಗೆ ಬರೆದಿರುತ್ತಾರೆ. ನಾನು ಮಗುವಲ್ಲ. ಮೆಟ್ಟಿಲು ಕಂಡಾಗಲೆಲ್ಲ ನನ್ನ ಮಂಡಿಗಳು ಆ ವಿಷಯವನ್ನು ನೆನಪಿಸುತ್ತವೆ. ಆದರೂ ಭಾನುವಾರ ಬೆಳಿಗ್ಗೆ ಕಾಫಿ ಕುಡಿದು, ಲೋಟ ತೊಳೆದು ಬೋರಲು ಹಾಕಿ, ಪೆನ್ಸಿಲ್ ಕೆತ್ತಿಕೊಂಡು ಆ ಮೂಲೆಯ ಮುಂದೆ ಕೂರುವುದು ನನ್ನ ನಿಯಮ. ಲೋಟ ತೊಳೆಯದೆ ಕೂತರೆ ವ್ಯತ್ಯಾಸಗಳು ಕಾಣುವುದಿಲ್ಲ. ನಗಬೇಡಿ, ಪರೀಕ್ಷೆ ಮಾಡಿ ನೋಡಿದ್ದೇನೆ.

ಹೋದ ಭಾನುವಾರ ಅಲ್ಲಿ ಎರಡು ರೈಲು ಇಂಜಿನ್ನುಗಳಿದ್ದವು. ಡೀಸೆಲ್ ಇಂಜಿನ್ನುಗಳು. ಒಂದರ ದೀಪ ಚಿಕ್ಕದು, ಇನ್ನೊಂದರದು ದೊಡ್ಡದು. ಒಂದರ ಕಿಟಕಿಯಲ್ಲಿ ಚಾಲಕನ ಟೋಪಿ ಇದೆ, ಇನ್ನೊಂದರಲ್ಲಿ ಇಲ್ಲ. ಹೀಗೆ ಆರು ಗುರುತು ಹಾಕಿದೆ. ಏಳನೆಯದು ಸಿಗಲಿಲ್ಲ. ಪೆನ್ಸಿಲ್ ಹಿಡಿದ ಕೈ ಹಾಗೇ ನಿಂತಿತು, ಮನಸ್ಸು ಮಾತ್ರ ಎದ್ದು ನಮ್ಮ ದೊಡ್ಡಪ್ಪನ ಗಾಡಿ ಹತ್ತಿ ಕೂತುಬಿಟ್ಟಿತು.

ನಮ್ಮ ಊರು ಕೃಷ್ಣರಾಜನಗರ ದಾಟಿ ಹೊಸಅಗ್ರಹಾರದ ಕಡೆ ಹೋಗುವಾಗ ರೈಲು ಕಂಬಿಯ ಬಲಕ್ಕೆ ಇದೆ. ಊರು ಬಲಕ್ಕಿದ್ದರೆ ಗದ್ದೆಗಳೆಲ್ಲ ಎಡಕ್ಕೆ. ಕಂಬಿ ಹಾಸಿದವರು ನಮ್ಮನ್ನು ಕೇಳಿ ಹಾಸಲಿಲ್ಲವಲ್ಲ. ಆದ್ದರಿಂದ ಉಳುವುದಕ್ಕೆ, ನಾಟಿಗೆ, ಕುಯ್ಲಿಗೆ, ಕೊನೆಗೆ ಬದುವಿನ ಮೇಲಿನ ಹುಣಸೆಹಣ್ಣು ತರುವುದಕ್ಕೂ ರೈಲ್ವೆ ಗೇಟು ದಾಟಲೇಬೇಕು. ಗೇಟಿನಲ್ಲಿ ನಂಜಯ್ಯ ಎಂಬುವರಿದ್ದರು. ಗೇಟು ಹಾಕುವುದು, ತೆಗೆಯುವುದು ಅವರ ಕೆಲಸ. ಹಾಕಿದ ಮೇಲೆ ತೆಗೆಯುವವರೆಗೆ ನಿಂತವರನ್ನು ರೇಗಿಸುವುದು ಅವರ ಸಂತೋಷ.

ನಾನಾಗ ಮೈಸೂರಿನಲ್ಲಿ ನರ್ಸಿಂಗ್ ಕಲಿಯುತ್ತಿದ್ದೆ. ಹಾಸ್ಟೆಲಿನಲ್ಲಿ ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು, ಹಾಸಿಗೆಯ ಮೇಲಿನ ದುಪ್ಪಟಿಯ ಮೂಲೆ ಚಾಕುವಿನಂತೆ ಮಡಿಚಿರಬೇಕು. ರಜೆಗೆ ಊರಿಗೆ ಬಂದರೆ ದೊಡ್ಡವ್ವನ ಕಂಬಳಿಯನ್ನೂ ಹಾಗೇ ಮಡಿಚಿಡುತ್ತಿದ್ದೆ. ಅವಳು ಒಂದು ಸಲ ನೋಡಿ, “ಇದ್ಯಾಕೆ ಕೂಸೇ, ಕಂಬಳಿಗೆ ಕಾಯ್ಲೆನಾ?” ಎಂದು ಕೇಳಿದ್ದಳು.

ಆ ಕಂಬಿಯ ಮೇಲೆ ನಾವು ಹುಟ್ಟಿದಾಗಿನಿಂದ ಓಡುತ್ತಿದ್ದದ್ದು ಉಗಿಯ ಇಂಜಿನ್ನು. ಅದು ಬರುತ್ತಿದೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ತೆಂಗಿನ ಮರಗಳ ಆಚೆ ಬಿಳಿಯ ಹೊಗೆ ಏಳುತ್ತಿತ್ತು. ಆಮೇಲೆ ಉಬ್ಬಸದವರ ಉಸಿರಿನ ಹಾಗೆ ಸದ್ದು. ಆಮೇಲೆ ಕೂಗು. ಅದರ ನಂತರ, ಬಹಳ ಹೊತ್ತಾದ ಮೇಲೆ, ಇಂಜಿನ್ನು. ಎತ್ತುಗಳು ಕೂಡ ಆ ಹೊಗೆ ಕಂಡರೆ ತಾವಾಗಿ ನಿಧಾನ ಮಾಡುತ್ತಿದ್ದವು. ಅತಿಥಿ ಬರುತ್ತೇನೆಂದು ಮೊದಲೇ ಹೇಳಿ ಕಳಿಸಿ ಬರುವಂಥ ಮರ್ಯಾದಸ್ಥ ಇಂಜಿನ್ನು ಅದು.

ಎಪ್ಪತ್ತರ ದಶಕದಲ್ಲಿ ಒಂದು ಕುಯ್ಲಿನ ಕಾಲಕ್ಕೆ ಡೀಸೆಲ್ ಬಂತು. ಎಲ್ಲ ಗಾಡಿಗೂ ಅಲ್ಲ. ಅಪರೂಪಕ್ಕೆ ಒಂದೊಂದು ಗೂಡ್ಸಿಗೆ ಕಟ್ಟಿಕೊಂಡು ಬರುತ್ತಿತ್ತು. ಅದನ್ನು ಮೊದಲು ಕಂಡ ದಿನ ನಾನು ನಾಲೆಯ ಏರಿಯ ಮೇಲೆ ಬಟ್ಟೆ ಹಿಂಡುತ್ತಿದ್ದೆ. ಮೊದಲು ಗೊತ್ತಾದದ್ದು ಕಣ್ಣಿಗಲ್ಲ, ಕಿವಿಗೂ ಅಲ್ಲ. ನಿಂತಿದ್ದ ಕಲ್ಲಿನ ಮೂಲಕ ಅಂಗಾಲಿಗೆ. ನಾಲೆಯ ನೀರಿನ ಮೈಯೆಲ್ಲ ಮುಳ್ಳೆದ್ದ ಹಾಗೆ ಸಣ್ಣಗೆ ನಡುಗಿತು. ತಲೆ ಎತ್ತಿದರೆ ಅದು ಆಗಲೇ ಬಂದಾಗಿದೆ. ಕೈಕಾಲು ಆಡಿಸುವ ಸರಳುಗಳಿಲ್ಲ, ಬೆಂಕಿ ಇಲ್ಲ, ಕಲ್ಲಿದ್ದಲು ಎತ್ತಿ ಹಾಕುವವನಿಲ್ಲ. ಬಣ್ಣ ಬಳಿದ ಒಂದು ಉದ್ದನೆಯ ಮನೆ ತಾನಾಗಿ ನಡೆದು ಹೋಗುತ್ತಿದೆ, ಒಳಗೆ ಸಾವಿರ ಜನ ಒಟ್ಟಿಗೆ ರಾಗಿ ಬೀಸುತ್ತಿದ್ದಾರೆ, ಹಾಗನ್ನಿಸಿತು. ಅದರ ಹಿಂದಿನ ಡಬ್ಬಿಗಳು ಮುಗಿಯುವವರೆಗೂ ನಾನು ಬಾಯಿ ತೆರೆದೇ ಇದ್ದೆನಂತೆ. ಹಿಂಡುತ್ತಿದ್ದ ಸೀರೆ ನಾಲೆಯಲ್ಲಿ ತೇಲಿ ಹೋಗಿ ಕೆಳಗಿನ ತೂಬಿನಲ್ಲಿ ಸಿಕ್ಕಿತು.

ಅದೇ ಇಂಜಿನ್ನು ಗೇಟಿಗೆ ಹೋದಾಗ ಅಲ್ಲಿ ದೊಡ್ಡಪ್ಪನ ಗಾಡಿ ನಿಂತಿತ್ತು. ಎತ್ತುಗಳ ಹೆಸರು ರಾಮ, ಮುತ್ತ. ರಾಮ ಸಂತೆಯಿಂದ ತಂದವನು. ಮುತ್ತ ಮನೆಯಲ್ಲೇ ಹುಟ್ಟಿದವನು. ತಾಯಿ ಹಸು ಸತ್ತಾಗ ದೊಡ್ಡಪ್ಪ ಬಿದಿರಿನ ಗೊಟ್ಟದಲ್ಲಿ ಹಾಲು ಕುಡಿಸಿ, ಕೊಟ್ಟಿಗೆಯಲ್ಲಿ ಪಕ್ಕದಲ್ಲೇ ಮಲಗಿ ಉಳಿಸಿಕೊಂಡ ಕರು. ದೊಡ್ಡಪ್ಪನಿಗೆ ಮಕ್ಕಳಿರಲಿಲ್ಲ. ಇದಕ್ಕಿಂತ ಹೆಚ್ಚು ನಾನು ಹೇಳಬೇಕಾಗಿಲ್ಲ.

ಇಂಜಿನ್ನು ಗೇಟಿನ ಹತ್ತಿರ ಹಾರನ್ ಹಾಕಿತು. ಉಗಿಯಿಂಜಿನ್ನಿನ ಕೂಗಿಗೆ ಒಗ್ಗಿದ್ದ ಊರಿಗೆ ಅದು ಯಾವುದೋ ರಾಕ್ಷಸ ಕೋಣದ ಹೂಂಕಾರ. ಮುತ್ತ ರಾಮನನ್ನೂ ಎಳೆದುಕೊಂಡು ತಿರುಗಿ ಓಡಿದ. ಗಾಡಿ ಏರಿಯಿಂದ ಜಾರಿ, ಬತ್ತದ ಹೊರೆಯ ಸಮೇತ ನಾಲೆಗೆ ಮಗುಚಿತು. ದೊಡ್ಡಪ್ಪನ ಮುಂಗೈ ಮುರಿಯಿತು. ನಾನು ಓಡಿ ಹೋಗಿ ಬಿದಿರಿನ ದಬ್ಬೆ ಕಟ್ಟಿದೆ. ಹಾಸ್ಟೆಲಿನಲ್ಲಿ ಕಲಿತದ್ದನ್ನು ನಿಜವಾದ ಮೂಳೆಯ ಮೇಲೆ ಪ್ರಯೋಗಿಸಿದ್ದು ಅದೇ ಮೊದಲು. ಕಟ್ಟು ಎಷ್ಟು ನೀಟಾಗಿತ್ತೆಂದರೆ, ನೋಡಲು ಬಂದವರು ದೊಡ್ಡಪ್ಪನಿಗೆ ಏನಾಯಿತೆಂದು ಕೇಳದೆ ಕಟ್ಟನ್ನು ಯಾರು ಕಟ್ಟಿದರೆಂದು ಕೇಳುತ್ತಿದ್ದರು.

ಕೈ ಕೂಡಿಕೊಂಡಿತು. ಬೇಸಿಗೆ ಬೆಳೆಯ ಕುಯ್ಲಿಗೆ, ನಾನು ಮತ್ತೆ ರಜೆಗೆ ಬಂದಾಗ, ದೊಡ್ಡಪ್ಪ ಮತ್ತೆ ಗಾಡಿ ಹೂಡಿದರು. ಮುಂದಿನ ಸಲ ಡೀಸೆಲ್ ಬಂದಾಗ ಅವರು ಗಾಡಿಯ ಮೂಕಿಗೆ ಒರಗಿ ನಂಜಯ್ಯನವರ ಹತ್ತಿರ ಎಲೆಯಡಿಕೆ ಹಂಚಿಕೊಳ್ಳುತ್ತಿದ್ದರು. ಮುತ್ತ ಮಿಸುಕಲಿಲ್ಲ. ಅದರ ಮುಂದಿನ ಸಲ ಬಂದಾಗ ದೊಡ್ಡಪ್ಪ ಹಗ್ಗ ಹಿಡಿದು ಗಾಡಿಯ ಮೇಲಿದ್ದರು. ಮುತ್ತ ಮತ್ತೆ ಹೌಹಾರಿ ಹಿಂದೆ ಸರಿದ, ನೊಗದ ಕಣ್ಣಿ ಕಿತ್ತು ಹೋಯಿತು. ದೊಡ್ಡಪ್ಪ ಮನೆಗೆ ಬಂದು ಜಗಲಿಯ ಮೇಲೆ ಕೂತು ಬಹಳ ಹೊತ್ತು ಯೋಚಿಸಿದರು. ಕೊನೆಗೆ ಹೇಳಿದರು.

“ಡೀಸಲ್ಲಲ್ಲಿ ಎರಡು ಜಾತಿ ಅವೆ ಕಣವ್ವ.”

ಅವರು ಹೇಳಿದ್ದು ಸರಿಯೆಂದು ಊರೆಲ್ಲ ಒಪ್ಪಿತು, ಏಕೆಂದರೆ ಊರೆಲ್ಲ ಅದನ್ನು ಕಣ್ಣಾರೆ ಕಂಡಿತ್ತು. ಒಂದು ಜಾತಿಯದಕ್ಕೆ ಚಾಲಕ ಕೂರುವ ಗೂಡು ಮುಂದೆ ಇತ್ತು. ಗೂಡಿನ ಮುಂದೆ ಮೋಟಾದ ಮೂತಿ, ಅಗಲವಾದ ಗಾಜಿನ ಕಣ್ಣು. ದೂರದಿಂದ ನೋಡಿದರೆ ಯಾರೋ ದೊಡ್ಡ ಮುಖದವರು ಕಣ್ಣು ಬಿಟ್ಟುಕೊಂಡು ಬಂದ ಹಾಗೆ. ಇನ್ನೊಂದು ಜಾತಿಯದಕ್ಕೆ ಗೂಡು ಹಿಂದೆ. ಮುಂದೆಲ್ಲ ಉದ್ದನೆಯ ಮೂತಿ. ಆ ಮೂತಿಯ ಎರಡು ಪಕ್ಕದಲ್ಲಿ, ನೀರಿನಲ್ಲಿ ಮಲಗಿದ ಮೊಸಳೆಯ ಕಣ್ಣಿನ ಹಾಗೆ, ಸಣ್ಣ ಕಿಟಕಿಗಳು. ಮೊದಲನೆಯದು ಮೋಟುಮೂತಿ, ಎರಡನೆಯದು ಉದ್ದಮೂತಿ. ಎರಡಕ್ಕೂ ಬಣ್ಣ ಒಂದೇ, ಗಾಲಿ ಒಂದೇ, ಗುಡುಗು ಒಂದೇ. ಆದರೆ ಮೊದಲ ದಿನ ಮುತ್ತನನ್ನು ಓಡಿಸಿದ್ದು ಮೋಟುಮೂತಿ. ಎಲೆಯಡಿಕೆಯ ದಿನ ಸುಮ್ಮನೆ ಹೋದದ್ದು ಉದ್ದಮೂತಿ. ಕಣ್ಣಿ ಕಿತ್ತ ದಿನ ಬಂದದ್ದು ಮತ್ತೆ ಮೋಟುಮೂತಿ. ಇದಕ್ಕಿಂತ ಸಾಕ್ಷಿ ಬೇಕೆ?

ಒಂದೇ ತರಹ ಕಾಣುವುದನ್ನು ಬೇರೆ ಮಾಡಿ ನೋಡುವುದು ನಮ್ಮ ಕಡೆಯವರಿಗೆ ಹೊಸದಲ್ಲ. ಒಂದೇ ಬಣ್ಣದ ಎರಡು ಎತ್ತುಗಳನ್ನು ಹಣೆಯ ಸುಳಿ, ಬೆನ್ನ ಸುಳಿ ನೋಡಿ ಬೇರೆ ಮಾಡುತ್ತಾರೆ. ಪಿರಿಯಾಪಟ್ಟಣದ ನಮ್ಮ ಭಾವ ನನ್ನ ಕಣ್ಣಿಗೆ ಒಂದೇ ಹಳದಿಯಾಗಿ ಕಾಣುವ ಹೊಗೆಸೊಪ್ಪನ್ನು ಐದಾರು ರಾಶಿ ಮಾಡಿ, ಒಂದು ರಾಶಿಯದು ಇನ್ನೊಂದಕ್ಕೆ ಬಿದ್ದರೆ ಮನೆಯವರ ಮೇಲೆ ರೇಗುತ್ತಿದ್ದರು. ಮುಂದೆ ನನಗೆ ಹೆಗ್ಗಡದೇವನಕೋಟೆಯ ಕಡೆ ವರ್ಗವಾದಾಗ, ಕಾಕನಕೋಟೆಯ ಕಾಡಂಚಿನ ಹಾಡಿಯಿಂದ ಬಸುರಿಯನ್ನು ಕರೆತಂದಿದ್ದ ಒಬ್ಬ ಅಜ್ಜಿಯನ್ನು, “ದಾರೀಲಿ ಹೋದ ವಾರದ ಆನೆಯೇ ಸಿಕ್ಕಿತಾ?” ಎಂದು ಕೇಳಿದೆ. “ಅದಲ್ಲ ಕಣವ್ವ, ಅದರ ತಂಗಿ,” ಎಂದು ಅಜ್ಜಿ ನೆರೆಮನೆಯವರ ಸುದ್ದಿ ಹೇಳುವಂತೆ ಹೇಳಿದಳು. ಹುಣಸೂರಿನ ಆಸ್ಪತ್ರೆಯಲ್ಲಿದ್ದಾಗ ಗುರುಪುರದ ನಿರಾಶ್ರಿತರ ಶಿಬಿರದಿಂದ ಟಿಬೆಟನ್ ಹೆಂಗಸರು ಹೆರಿಗೆಗೆ ಬರುತ್ತಿದ್ದರು. ಮೊದಮೊದಲು ನನಗೆ ಅವರೆಲ್ಲ ಒಂದೇ ಥರ ಕಾಣುತ್ತಿದ್ದರು. ನಾಚಿಕೆಯಾಗಿ ಒಬ್ಬಳಿಗೆ ಹಾಗೆಂದು ಹೇಳಿಬಿಟ್ಟೆ. ಅವಳು ಹಾಸಿಗೆಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು. “ನಮಗೂ ನೀವೆಲ್ಲ ಒಂದೇ ಸಿಸ್ಟರ್. ಬೈಯೋದು ಯಾರು ಅಂತ ನೋಡಿ ನಿಮ್ಮನ್ನ ಗುರುತಿಸ್ತೀವಿ,” ಎಂದಳು.

ಇಂಜಿನ್ನಿಗೆ ಬರೋಣ. ಮುತ್ತ ಕಣ್ಣಿ ಕಿತ್ತ ಮೇಲೆ ದೊಡ್ಡವ್ವ ತೀರ್ಮಾನ ಹೇಳಿದಳು. ಅವಳು ಕೂಗಾಡುವವಳಲ್ಲ, ರಾಗಿಮುದ್ದೆ ತಿರುವುತ್ತಾ ಹೇಳಿದಳು.

“ಕುಯ್ಲು ಮುಗೀಲಿ. ಅಷ್ಟರೊಳಗೆ ಅದು ಇನ್ನೊಂದು ಸಲ ಬೆದರಿದ್ರೆ ದಲ್ಲಾಳಿಗೆ ಹೇಳಿ ಕಳಿಸ್ತೀನಿ. ಒಂದು ಸಲ ಕೈ ಮುರೀತು. ಇನ್ನೊಂದು ಸಲ ಕುತ್ತಿಗೆ ಮುರಿದ್ರೆ ಈ ಕೂಸು ಅದಕ್ಕೂ ದಬ್ಬೆ ಕಟ್ಟಾಕಾಯ್ತದಾ?”

ದೊಡ್ಡಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. “ಮುತ್ತನ್ನ ಕೊಡೋದಾದ್ರೆ ನನ್ನೂ ಜೊತೇಲಿ ಕಟ್ಟಿ ಕಳಿಸು,” ಎಂದರು.

“ನಿಮ್ಮನ್ನ ಯಾರು ತಗೋತಾರೆ?”

ಅಂದಿನಿಂದ ದೊಡ್ಡಪ್ಪನ ಕಣ್ಣಿಗೆ ಬೇರೆ ಕೆಲಸವಿರಲಿಲ್ಲ. ಏರಿಯ ಮೇಲೆ ಗಾಡಿ ಹತ್ತಿದ ಕೂಡಲೇ ಕಂಬಿಯ ಎರಡು ತುದಿಯನ್ನೂ ನೋಡುವರು. ನಮಗೆ ಒಂದು ಕಪ್ಪು ಚುಕ್ಕೆ ಕಾಣುವ ಹೊತ್ತಿಗೆ ಅವರು “ಉದ್ದಮೂತಿ, ನಡೀಲಿ,” ಎಂದಿರುತ್ತಿದ್ದರು. ರೈಲು ಹತ್ತಿರ ಬಂದಾಗ ನೋಡಿದರೆ ಉದ್ದಮೂತಿಯೇ. ಅವರು ತಪ್ಪಿದ್ದನ್ನು ನಾನು ನೋಡಲಿಲ್ಲ. ಅಷ್ಟು ದೂರದಿಂದ ಹೇಗೆ ಗೊತ್ತಾಗುತ್ತದೆಂದು ಕೇಳಿದರೆ, “ಮೋಟುಮೂತಿ ನಮ್ಮನ್ನ ನೋಡ್ಕೊಂಡು ಬತ್ತದೆ. ಉದ್ದಮೂತಿ ದಾರಿ ನೋಡ್ಕೊಂಡು ಬತ್ತದೆ,” ಎಂದರು. ಅದು ನಿಜ. ಅಂದಿನಿಂದ ನನಗೂ ಹಾಗೇ ಕಾಣತೊಡಗಿತು.

ನಾನು ಸುಮ್ಮನಿರುವವಳೇ? ಗಂಟೆಯ ಮೇಲೆ ಬದುಕುವವಳು. ಯಾವ ಮೂತಿಯದು ಯಾವ ಹೊತ್ತಿಗೆ ಬರುತ್ತದೆಂದು ಒಂದು ವೇಳಾಪಟ್ಟಿ ಇದ್ದೇ ಇರಬೇಕು, ಅದನ್ನು ಹಿಡಿದರೆ ಮುತ್ತನನ್ನು ಉಳಿಸಬಹುದು ಎಂದು ವಾದಿಸಿದೆ. ಕೆಲವು ದಿನ ನೋಡಿ, ಹಾಸನದ ಕಡೆ ಹೋಗುವಾಗ ಉದ್ದಮೂತಿ, ಮೈಸೂರಿನ ಕಡೆ ಬರುವಾಗ ಮೋಟುಮೂತಿ ಎಂದು ಜಗಲಿಯ ಮೇಲೆ ನಿಂತು ಘೋಷಿಸಿದೆ. ಮಾರನೆಯ ದಿನವೇ ಹಾಸನದ ಕಡೆಗೆ ಮೋಟುಮೂತಿ ಹೋಯಿತು. ದೊಡ್ಡವ್ವ ನಾನು ಮಡಿಚಿಟ್ಟಿದ್ದ ಕಂಬಳಿಯನ್ನು ಕೊಡವಿ ಹೊದ್ದುಕೊಂಡಳು.

ಗೇಟಿನ ನಂಜಯ್ಯನವರಿಗೆ ಈ ಜಾತಿ ವಿಚಾರ ಕೇಳಿ ಹೊಟ್ಟೆ ತುಂಬ ನಗು.

“ಯಜಮಾನ್ರೇ, ಎರಡೂ ಒಂದೇ ಕಣ್ರೀ.”

“ಒಂದೇ ಅಂತೆ. ಕಣ್ಣು ಕಾಣಾಕಿಲ್ವಾ ನಿಂಗೆ? ಅದರ ಗೂಡು ಮುಂದದೆ, ಇದರ ಗೂಡು ಹಿಂದದೆ.”

“ನಿಮ್ಮ ಮುತ್ತನ್ನ ಹಿಂದುಮುಂದಾಗಿ ಕಟ್ಟಿ ನೋಡಿ ಒಂದಿನ. ಆಗ ಗೊತ್ತಾಯ್ತದೆ.”

ಈ ಮಾತಿಗೆ ದೊಡ್ಡಪ್ಪ ಅವರ ಹತ್ತಿರ ಎಲೆಯಡಿಕೆ ಬಿಟ್ಟುಬಿಟ್ಟರು. ಮನೆಯಲ್ಲಿ ಹುಟ್ಟಿದ ಎತ್ತನ್ನು ಹಿಂದುಮುಂದು ಕಟ್ಟು ಎಂದವನ ಸುಣ್ಣ ಯಾರಿಗೆ ಬೇಕು? ನಂಜಯ್ಯ ಹೇಳಿದ್ದು ತಮಾಷೆಯಲ್ಲ ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಅವರು ಅದಕ್ಕೆ ಮೊದಲು ಹೇಳಿದ್ದೆಲ್ಲ ತಮಾಷೆಯೇ ಆಗಿತ್ತು.

ಕುಯ್ಲು ಮುಗಿಯುತ್ತಾ ಬಂತು. ಮೋಟುಮೂತಿ ದೂರದಲ್ಲಿ ಕಂಡರೆ ದೊಡ್ಡಪ್ಪ ಗಾಡಿಯನ್ನು ಹಿಂದಕ್ಕೆ ತಿರುಗಿಸಿ ಹುಣಸೆಮರದ ಮರೆಗೆ ಒಯ್ದು, ಎರಡು ಕೈಯಲ್ಲೂ ಹಗ್ಗ ಜಗ್ಗಿ ಹಿಡಿದು ನಿಲ್ಲುತ್ತಿದ್ದರು. ಅಲ್ಲೂ ಮುತ್ತ ಮೂಗರಳಿಸಿ ನಡುಗುತ್ತಿದ್ದ. ದೊಡ್ಡವ್ವನ ಕಣ್ಣಿಗೆ ಬೀಳದಿದ್ದರೆ ಸಾಕು ಎಂಬ ಹಾಗೆ ದಿನ ತಳ್ಳಿದರು. ಕೊನೆಗೆ ಅವರಿಗೇ ಸಾಕಾಯಿತೇನೋ. ಒಂದು ಬೆಳಿಗ್ಗೆ ಯಾರಿಗೂ ಹೆಚ್ಚು ಹೇಳದೆ ಚುಂಚನಕಟ್ಟೆಗೆ ಹೊರಟರು. ಅಲ್ಲಿ ಯಾರದೋ ಮನೆಯಲ್ಲಿ ರಾಮನಿಗೆ ಜೋಡಿಯಾಗುವ ಎತ್ತು ಇದೆಯಂತೆ. ಹೊರಡುವ ಮುಂಚೆ ಕೊಟ್ಟಿಗೆಗೆ ಹೋಗಿ ಬಂದರು. ಬಂದವರ ಕಣ್ಣು ನೋಡಿ ನಾನು ಅಂಗಳ ಗುಡಿಸುವವಳಂತೆ ಬಗ್ಗಿದೆ.

ಆ ದಿನ ಗದ್ದೆಯಲ್ಲಿ ಉಳಿದಿದ್ದ ಹುಲ್ಲು ತರಲು ದೊಡ್ಡವ್ವ ತಾನೇ ಗಾಡಿ ಹೂಡಿದಳು. ನಾನು ಹಿಂದೆ ಕೂತೆ. ವಾಪಸು ಬರುವಾಗ ಗೇಟು ಹಾಕಿತ್ತು. ದೊಡ್ಡವ್ವನಿಗೆ ನಂಜಯ್ಯನವರ ಮೇಲೆ ಒಂದು ಹಳೆಯ ದೂರಿತ್ತು. ಅವರು ಹಾಗಲಕಾಯಿ ಬಳ್ಳಿಗೆಂದು ನಮ್ಮ ಹಾರೆ ಕಡ ತೆಗೆದುಕೊಂಡು ಹೋಗಿ ಕೊಟ್ಟಿರಲಿಲ್ಲ.

“ಹಾಗಲಕಾಯಿ ಬುಡ್ತಾ ನಂಜಯ್ಯ?”

“ಬುಡ್ತು ಕಣವ್ವ.”

“ಹಾರೆ ಯಾವಾಗ ಬುಡ್ತದೆ?”

ಅಷ್ಟರಲ್ಲಿ ನನ್ನ ಅಂಗಾಲು ಜುಮುಜುಮು ಎಂದಿತು. ನೋಡಿದೆ. ದೊಡ್ಡ ಮುಖ, ಅಗಲ ಕಣ್ಣು. ಮೋಟುಮೂತಿ. “ದೊಡ್ಡವ್ವಾ,” ಎಂದೆ. ಅವಳು ತಿರುಗಲಿಲ್ಲ. ಹಗ್ಗ ಅವಳ ಮಡಿಲಲ್ಲಿ ಸತ್ತ ಕೇರೆಹಾವಿನ ಹಾಗೆ ಬಿದ್ದಿತ್ತು. ಹಾರೆಯ ಮಾತು ಮುಂದುವರಿದಿತ್ತು. ಇಂಜಿನ್ನು ನಮ್ಮ ಮುಂದೆಯೇ ನೆಲ ನಡುಗಿಸಿಕೊಂಡು ಹೋಯಿತು. ಗಾಡಿಯಿಂದ ಹುಲ್ಲಿನ ಎಳೆಗಳು ಎದ್ದು ಹಾರಿದವು. ಮುತ್ತ ಮೆಲುಕು ಹಾಕುತ್ತಾ ಆ ಹಾರುವ ಹುಲ್ಲನ್ನು ನೋಡಿದ, ಅಷ್ಟೇ.

ಸಂಜೆ ದೊಡ್ಡಪ್ಪನಿಗೆ ಹೇಳಿದರೆ ನಂಬಲಿಲ್ಲ. “ನೀವು ಸರಿಯಾಗಿ ನೋಡಿಲ್ಲ. ಅದು ಉದ್ದಮೂತಿ.”

“ನಾನೇ ನೋಡಿದೆ ದೊಡ್ಡಪ್ಪ.”

“ನಿನ್ನ ಕಣ್ಣು ಓದಿ ಓದಿ ಸವೆದದೆ.”

ದೊಡ್ಡವ್ವ ಒಲೆಯ ಮುಂದಿನಿಂದಲೇ ಕೇಳಿದಳು. “ನಂಗಂತೂ ರೈಲು ಅಂದ್ರೆ ರೈಲು. ಅದರ ಮೂತಿ ಕಟ್ಕೊಂಡು ನಂಗೇನಾಗಬೇಕು? ನಾಳೆ ಮೂರು ಜನಾನೂ ಓಗವ. ನಿಮ್ಮ ಕಣ್ಣಲ್ಲೇ ನೋಡ್ರಿ. ದಲ್ಲಾಳಿ ಹೆಂಗೂ ನಾಳೆ ಸಂಜೆ ಬತ್ತಾನೆ.”

ಆಗಲೇ ಹೇಳಿ ಕಳಿಸಿಬಿಟ್ಟಿದ್ದಳು. ದೊಡ್ಡಪ್ಪ ಆ ರಾತ್ರಿ ಕೊಟ್ಟಿಗೆಯಲ್ಲಿ ಮಲಗಿದರು.

ಮಾರನೆಯ ದಿನ ನಾವು ಗೇಟಿಗೆ ಹೋಗುವ ಹೊತ್ತಿಗೆ ಗೂಡ್ಸ್ ಗಾಡಿ ಅಲ್ಲೇ ನಿಂತಿತ್ತು. ಮುಂದೆ ಕೆ.ಆರ್. ನಗರ ಸ್ಟೇಷನ್ನಿನ ಸಿಗ್ನಲ್ಲಿನ ಕೈ ಇಳಿದಿರಲಿಲ್ಲ. ಗೇಟಿನ ಪಕ್ಕದಲ್ಲೇ, ಕೈ ಚಾಚಿದರೆ ಸಿಗುವಂತೆ, ಮೋಟುಮೂತಿ. ನಿಂತಿದ್ದರೂ ಅದರ ಹೊಟ್ಟೆ ಗುಡುಗುತ್ತಲೇ ಇತ್ತು. ಹತ್ತಿರದಿಂದ ಅದು ಎಷ್ಟು ಎತ್ತರ ಎಂದರೆ, ನೋಡಲು ದೊಡ್ಡಪ್ಪ ರುಮಾಲನ್ನು ಒಂದು ಕೈಯಲ್ಲಿ ಹಿಡಿದುಕೊಳ್ಳಬೇಕಾಯಿತು. ಇನ್ನೊಂದು ಕೈ ಹಗ್ಗವನ್ನು ಎಷ್ಟು ಬಿಗಿಯಾಗಿ ಸುತ್ತಿಕೊಂಡಿತ್ತೆಂದರೆ ಗೆಣ್ಣುಗಳು ಬಿಳಿಚಿದ್ದವು. ಮುತ್ತನ ಮೂಗುದಾರ ನೆಟ್ಟಗೆ ತಂತಿಯಾಗಿತ್ತು. ಅವನು ಬುಸ್ ಎಂದ, ಹಿಂದಕ್ಕೆ ಒತ್ತಿದ.

“ನೋಡ್ದಾ,” ಎಂದರು ದೊಡ್ಡಪ್ಪ. ಆ ಗೆಲುವಿನಲ್ಲಿ ಅಳು ಇತ್ತು.

ದೊಡ್ಡವ್ವ ಅವರ ಕೈಯನ್ನೇ ನೋಡುತ್ತಿದ್ದಳು. “ಹಗ್ಗ ಇತ್ಲಾಗಿ ಕೊಡಿ. ನೀವು ಇಳೀರಿ. ಓಗಿ ಆ ಮೂತಿಯ ಹತ್ರ ನೋಡ್ಕೊಂಡು ಬನ್ನಿ.”

ದೊಡ್ಡಪ್ಪ ಇಳಿದರು. ಪಕ್ಕದ ಸಂದಿಯಿಂದ ನುಸುಳಿ ಇಂಜಿನ್ನಿನ ಹತ್ತಿರ ಹೋದರು. ನಾನೂ ಹಿಂದೆ ಹೋದೆ. ಅವರು ಮೋಟಾದ ಮೂತಿಯಿಂದ ಶುರುಮಾಡಿ, ಎತ್ತು ಕೊಳ್ಳುವವರು ಪಕ್ಕೆ ಸವರುತ್ತಾ ಹೋಗುವ ಹಾಗೆ, ಮುಟ್ಟದೆ, ಒಂದು ಗೇಣು ದೂರದಲ್ಲಿ ಕೈ ಹಿಡಿದುಕೊಂಡು ಜಲ್ಲಿಯ ಮೇಲೆ ನಡೆದರು. ಚಾಲಕನ ಗೂಡು ದಾಟಿತು. ಗೂಡಿನ ಹಿಂದೆ ಮೈ ಇನ್ನೂ ಇತ್ತು. ಜಾಲರಿಗಳು, ಬಾಗಿಲುಗಳು, ಕಂಬಿ ಹಿಡಿಗಳು. ಮೈ ಮುಗಿಯಲೇ ಇಲ್ಲ. ಕೊನೆಗೆ ಮೊದಲ ಡಬ್ಬಿಗೆ ಕೊಂಡಿ ಹಾಕಿದ ಜಾಗಕ್ಕೆ ಬಂದರು. ಅಲ್ಲಿ ಇನ್ನೊಂದು ದೀಪ. ಎರಡು ಪಕ್ಕದಲ್ಲಿ, ದೂರದಲ್ಲಿ, ಮೊಸಳೆಯ ಕಣ್ಣಿನಂಥ ಆ ಸಣ್ಣ ಕಿಟಕಿಗಳು.

ದೊಡ್ಡಪ್ಪ ನಿಂತರು. ಮುಂದಕ್ಕೆ ನೋಡಿದರು, ಹಿಂದಕ್ಕೆ ನೋಡಿದರು.

ಚಾಲಕ ಕಿಟಕಿಯಿಂದ ತಲೆ ಹಾಕಿ ಕೇಳಿದ. “ಏನು ಹುಡುಕ್ತಿದ್ದೀರಿ ಯಜಮಾನ್ರೇ?”

“ಇದರ ಬೆನ್ನು ಎಲ್ಲದೆ ಸ್ವಾಮಿ?”

“ಬೆನ್ನೇ ಇಲ್ಲ. ಎರಡು ಕಡೆಯೂ ಮುಖವೇ. ಹೋಗುವಾಗ ಈ ಕಡೆ ಮುಂದಾದರೆ ಬರುವಾಗ ಆ ಕಡೆ ಮುಂದು. ಒಮ್ಮೊಮ್ಮೆ ಶೆಡ್ಡಿನಲ್ಲಿ ತಿರುಗಿಸ್ತಾರೆ, ಆಗ ಅದಲುಬದಲು.”

“ಅಂದ್ರೆ ಮೋಟುಮೂತಿ ಬೇರೆ, ಉದ್ದಮೂತಿ ಬೇರೆ ಅಲ್ಲ?”

ಚಾಲಕನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ನಕ್ಕ. “ಮೂತಿಯಲ್ಲಿ ಜಾತಿ ಇಲ್ಲ ಯಜಮಾನ್ರೇ. ಆದರೆ ಜಾತಿ ಎರಡು ಇರೋದು ನಿಜ. ಒಂದು ಅಮೆರಿಕದಿಂದ ಬಂದದ್ದು, ಒಂದು ಕೆನಡಾದಿಂದ. ನಾಲ್ಕು ಅನ್ನೋ ನಂಬರಿನ ಮಾದರಿ ಒಂದು, ನಾಲ್ಕು ಎ ಅಂತ ಇನ್ನೊಂದು. ಮೈಮೇಲಿನ ಅಕ್ಷರ ಒರೆಸಿಬಿಟ್ಟರೆ, ಎರಡನ್ನೂ ಅಕ್ಕಪಕ್ಕ ನಿಲ್ಲಿಸಿದರೆ, ಯಾವುದು ಯಾವುದು ಅಂತ ತಟ್ಟನೆ ನನಗೂ ಹೇಳಕ್ಕಾಗಲ್ಲ.”

ಆ ಕ್ಷಣವನ್ನು ನಿಮಗೆ ಹೇಗೆ ಹೇಳಲಿ? ನಾವು ಎರಡು ಎಂದು ಹೆಸರಿಟ್ಟಿದ್ದು ಒಂದು. ನಾವು ಒಂದೇ ಎಂದುಕೊಂಡದ್ದರೊಳಗೆ, ನಮ್ಮ ಕಣ್ಣಿಗೆ ಬೀಳದಂತೆ, ಸಮುದ್ರದಾಚೆಯ ಎರಡು ದೇಶಗಳು. ನಾನು ವೇಳಾಪಟ್ಟಿ ಹಾಕಿದ್ದು ಒಂದೇ ಇಂಜಿನ್ನಿನ ಎರಡು ತುದಿಗಳಿಗೆ.

ದೊಡ್ಡಪ್ಪನನ್ನು ತಟ್ಟಿದ್ದು ಅದಲ್ಲ. ಅವರು ಮೆಲ್ಲಗೆ ಹೇಳಿದರು. “ತಿರುಗಂಗೇ ಇಲ್ಲ ಕಣವ್ವ ಇದು.” ಜೀವಮಾನವೆಲ್ಲ ಸಾಲಿನ ಕೊನೆಗೆ ಬಂದಾಗ ನೇಗಿಲೆತ್ತಿ, ಎತ್ತು ತಿರುಗಿಸಿ, ಮತ್ತೆ ಸಾಲು ಹಿಡಿದವರು ಅವರು. ಗಾಡಿಯೂ ತಿರುಗಬೇಕು, ಗಾಣದೆತ್ತೂ ತಿರುಗಬೇಕು. ಉಗಿಯಿಂಜಿನ್ನನ್ನು ಕೂಡ ಮೈಸೂರಿನಲ್ಲಿ ದುಂಡನೆಯ ಗುಂಡಿಯೊಳಗೆ ನಿಲ್ಲಿಸಿ ಜನ ಹೆಗಲು ಕೊಟ್ಟು ತಿರುಗಿಸುತ್ತಿದ್ದರು. ಇದಕ್ಕೆ ತಿರುಗುವುದೇ ಬೇಡ. ಹೋಗಬೇಕೆಂದ ಕಡೆಗೆ ಮುಖ ಮೊದಲೇ ಇದೆ.

ಸಿಗ್ನಲ್ಲಿನ ಕೈ ಕಟಕ್ಕನೆ ಇಳಿಯಿತು. ನಾವು ಕಂಬಿಯಿಂದ ಹಿಂದೆ ಸರಿದು ಗೇಟಿನ ಈಚೆಗೆ ಬಂದೆವು. ಇಂಜಿನ್ನು ಒಂದು ಮೋಡದಷ್ಟು ಕಪ್ಪು ಹೊಗೆ ಬಿಟ್ಟು ಅಲುಗಿತು. ದೊಡ್ಡಪ್ಪ ಎರಡೂ ಕೈ ಎತ್ತಿ ಮುಗಿದರು. ಚಾಲಕನಿಗೆ ಏನನ್ನಿಸಿತೋ, ಮರ್ಯಾದೆಗೆ ಪ್ರತಿಮರ್ಯಾದೆಯೆಂದು ಹಾರನ್ ಒತ್ತಿಬಿಟ್ಟ.

ಅದೇ ಹೂಂಕಾರ. ನಾನು ಕಣ್ಣು ಮುಚ್ಚಿದೆ. ಗಾಡಿ ಮಗುಚುವ ಸದ್ದಿಗೆ ಕಾದೆ.

ಕಣ್ಣು ಬಿಟ್ಟಾಗ ದೊಡ್ಡವ್ವ ಗಾಡಿಯ ಮೇಲೆ ಹಾಗೇ ಕೂತಿದ್ದಳು. ಹಗ್ಗ ಮಡಿಲಲ್ಲಿ ಬಿದ್ದಿತ್ತು. ಮುತ್ತ ಒಂದು ಕಿವಿಯನ್ನು ಮುಂದಕ್ಕೆ ತಂದು, ಸದ್ದನ್ನು ಕೇಳಿ, ಹಿಂದಕ್ಕೆ ಒಯ್ದ. ಮೆಲುಕು ನಿಲ್ಲಲಿಲ್ಲ.

“ಅದು ಇಂಜಿನ್ನು ನೋಡಿ ಎಲ್ಲಿ ಹೆದರ್ತಿತ್ತು?” ಎಂದಳು ದೊಡ್ಡವ್ವ. “ಮೊದಲನೇ ದಿನ ಹೆದರ್ತು, ನಿಜ. ಆಮೇಲೆ ಹೆದರಿದ್ದೆಲ್ಲ ನೀವು. ಮೋಟುಮೂತಿ ಅಂತ ಅಷ್ಟು ದೂರದಿಂದಲೇ ಕಂಡು ಹಗ್ಗ ಜಗ್ಗಿದ್ರೆ, ಮೂಗು ಯಾರದು? ಬೆದರು ಅಂತ ಅದಕ್ಕೆ ಹೇಳೋರು ಯಾರು?”

ದೊಡ್ಡಪ್ಪ ತಮ್ಮ ಕೈಯನ್ನು ನೋಡಿಕೊಂಡರು. ಹಗ್ಗದ ಗುರುತು ಅಂಗೈಯಲ್ಲಿ ಕೆಂಪಗೆ ಇತ್ತು. ಆಮೇಲೆ ಮುತ್ತನ ಹತ್ತಿರ ಹೋಗಿ, ಅವನ ಮೂಗಿನ ಮೇಲೆ ಆ ಅಂಗೈಯನ್ನು ಇಟ್ಟು ಬಹಳ ಹೊತ್ತು ನಿಂತರು. ಹಾಸ್ಟೆಲಿನಲ್ಲಿ ನಮಗೆ ಮೊದಲ ಸೂಜಿ ಕೊಟ್ಟ ದಿನ ಹಿರಿಯ ಸಿಸ್ಟರ್ ಹೇಳಿದ್ದು ನನಗೆ ಆಗ ನೆನಪಾಯಿತು: ನಿನ್ನ ಕೈ ಬಿಗಿದರೆ ರೋಗಿಯ ಮೈ ಬಿಗಿಯುತ್ತದೆ. ಆ ಮಾತನ್ನು ನಾನು ಪರೀಕ್ಷೆಗೆ ಬರೆದು ಅಂಕವನ್ನೂ ಪಡೆದಿದ್ದೆ.

ಸಂಜೆ ದಲ್ಲಾಳಿ ಬಂದ. ದೊಡ್ಡವ್ವ ಕಾಫಿ ಕೊಟ್ಟು, “ಎತ್ತು ಕೊಡಾಕಿಲ್ಲ ಕಣಪ್ಪ,” ಎಂದಳು.

“ಬೆದರ್ತದೆ ಅಂದಿದ್ರಲ್ಲಾ ಅವ್ವ?”

“ಬೆದರೋದು ಯಾರು ಅಂತ ಈಗ ಗೊತ್ತಾಯ್ತು. ಅದನ್ನ ಮಾರಂಗಿಲ್ಲ. ನಂಗೆ ತಾಳಿ ಕಟ್ಬುಟ್ಟದೆ.”

ದೊಡ್ಡಪ್ಪ ಕೊಟ್ಟಿಗೆಯಲ್ಲಿ ಕೇಳಿಸಿಕೊಂಡು ನಕ್ಕರೆಂದು ಕಾಣುತ್ತದೆ. ಅಲ್ಲಿಂದ ಕೆಮ್ಮು ಕೇಳಿತು.

ಆದರೆ ಕೈಯ ಅಭ್ಯಾಸ ಒಂದು ದಿನಕ್ಕೆ ಹೋಗುವುದಿಲ್ಲ. ಡೀಸೆಲ್ ಕಂಡರೆ ಅವರ ಬೆರಳು ತಾವಾಗಿ ಹಗ್ಗ ಸುತ್ತಿಕೊಳ್ಳುತ್ತಿದ್ದವು. ಅದಕ್ಕೆ ಅವರೇ ಒಂದು ಉಪಾಯ ಮಾಡಿದರು. ಇಂಜಿನ್ನು ಗೇಟಿಗೆ ಬಂದ ಕೂಡಲೇ ಹಗ್ಗವನ್ನು ಗಾಡಿಯೊಳಗೆ ಹಾಕಿ, ಎರಡೂ ಕೈ ಜೋಡಿಸಿ ಮುಗಿಯುವುದು. ಮುಗಿದ ಕೈ ಹಗ್ಗ ಜಗ್ಗಲಾರದು. ಮುತ್ತ ಮತ್ತೆಂದೂ ಬೆದರಲಿಲ್ಲ. ಮುದಿಯಾಗಿ, ಹುಟ್ಟಿದ ಕೊಟ್ಟಿಗೆಯಲ್ಲೇ ಕಣ್ಣು ಮುಚ್ಚಿದ. ಕಾರಣ ತಿಳಿಯದ ಊರಿನವರು ಇಷ್ಟು ದೊಡ್ಡ ಮನುಷ್ಯರು ಕೈಮುಗಿಯುತ್ತಾರೆಂದರೆ ಏನೋ ಇರಬೇಕೆಂದು ತಾವೂ ಮುಗಿಯತೊಡಗಿದರು. ನಂಜಯ್ಯನವರು ಹಸಿರು ಬಾವುಟ ಹಿಡಿದ ಕೈಯಲ್ಲೇ ಒಂದು ಅರೆನಮಸ್ಕಾರ ಮಾಡುತ್ತಿದ್ದರು. ಹಾರೆಯನ್ನೂ ಹಿಂದಿರುಗಿಸಿದರು.

ಅದು ಬರಿಯ ಉಪಾಯವೆಂದು ದೊಡ್ಡಪ್ಪ ಹೇಳುತ್ತಿದ್ದರು. ನನಗೆ ಪೂರ್ತಿ ನಂಬಿಕೆ ಇಲ್ಲ. ಗಾಡಿ ಹೂಡುವುದನ್ನು ಬಿಟ್ಟ ಮೇಲೂ, ಮಡಿಲಲ್ಲಿ ಹಗ್ಗವೇ ಇಲ್ಲದಾಗಲೂ, ನಾಲೆಯ ನೀರು ನಡುಗಿದರೆ ಏರಿಯ ಮೇಲೆ ನಿಂತು ಅವರು ಕೈಮುಗಿದದ್ದನ್ನು ನಾನು ಕಂಡಿದ್ದೇನೆ.

ಹೋದ ಭಾನುವಾರ ಆ ಏಳನೆಯ ವ್ಯತ್ಯಾಸ ಕೊನೆಗೂ ಸಿಗಲಿಲ್ಲ. ಪೆನ್ಸಿಲನ್ನು ಬಿಗಿಯಾಗಿ ಹಿಡಿದು ಹಿಡಿದು ಬೆರಳು ನೋಯುತ್ತಿತ್ತು. ಅದನ್ನು ಕೆಳಗಿಟ್ಟೆ. ಎರಡೂ ಕೈ ಬರಿದಾದವು. ಮನೆಯಲ್ಲಿ ಯಾರೂ ನೋಡುತ್ತಿರಲಿಲ್ಲ. ಪತ್ರಿಕೆಯ ಮೂಲೆಯಲ್ಲಿದ್ದ ಆ ಹೆಬ್ಬೆರಳಿನಷ್ಟು ಇಂಜಿನ್ನಿಗೆ ಕೈಮುಗಿದೆ.